ಬಾಯಿ ತುಂಬ ನೀರು, ಒಂದು ಕ್ಯಾಂಡಿಡ್ ಫೋಟೋ

ಒಬ್ಬ ಮನುಷ್ಯ ಹನ್ನೊಂದು ವರ್ಷ ದುಡಿದು ಗಳಿಸಿದ ಹೆಸರನ್ನು ಕೆಡಿಸಲು ಎಷ್ಟು ಹೊತ್ತು ಬೇಕು?

ನನಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕಾಯಿತು. ಕ್ಯಾಮೆರಾ ಹಿಡಿದವರು ಇದನ್ನು ಶಟರ್ ಸ್ಪೀಡ್ ಅನ್ನುತ್ತಾರೆ. ನಮ್ಮ ಯಜಮಾನರು ಬೇರೆ ಏನೋ ಅಂದರು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹುಚ್ಚುಗಳ ಪರಿಚಯ ಇದ್ದೇ ಇದೆ. ಟೆರೇಸಿನ ಮೇಲೆ ಬದನೆಕಾಯಿ ಬೆಳೆಯುವ ಹುಚ್ಚು ಮುಗಿಯಿತು. ವೀಣೆ ಕಲಿಯುವ ಹುಚ್ಚು ಮೂರು ವಾರಕ್ಕೆ ಮುಗಿಯಿತು (ಕಲಿಸುವವರ ಉತ್ಸಾಹ ಎರಡನೇ ವಾರಕ್ಕೇ ಮುಗಿದಿತ್ತು). ಈ ವರ್ಷದ್ದು ಕ್ಯಾಮೆರಾ. ಹುಚ್ಚಿಗೆ ಜೊತೆ ಬೇಕಲ್ಲ? ‘ಅರಮನೆಯಾಚೆ’ ಎಂಬ ಗುಂಪು ಸೇರಿದೆ.

ಪ್ರತಿ ಭಾನುವಾರ ಬೆಳಗ್ಗೆ ಆರೂವರೆಗೆ ಯಾವುದಾದರೂ ಬೀದಿಯಲ್ಲಿ ಸೇರಿ, ಪ್ರವಾಸಿಗರು ನೋಡದ ಮೈಸೂರನ್ನು ಸೆರೆಹಿಡಿಯುವುದು ಗುಂಪಿನ ಉದ್ದೇಶ. ಅರಮನೆ ತೆಗೆಯುವಂತಿಲ್ಲ. ಬೆಟ್ಟ, ನಂದಿ, ಜಂಬೂಸವಾರಿ ಆನೆ, ಯಾವುದೂ ಕೂಡದು. ಯಾರದೋ ಫೋಟೋದ ಮೂಲೆಯಲ್ಲಿ ಬೆಟ್ಟದ ತುದಿ ಕಂಡಿತೆಂದು ನಮ್ಮ ಅಡ್ಮಿನ್ ಪ್ರಸನ್ನ ಸರ್ ಅದನ್ನು ಡಿಲೀಟ್ ಮಾಡಿಸಿದ್ದರು. (ಮೈಸೂರಿನಲ್ಲಿ ನಿಂತು ಬೆಟ್ಟ ಕಾಣದ ಹಾಗೆ ಫೋಟೋ ತೆಗೆಯಲು ಬಹಳ ಬಗ್ಗಬೇಕು. ನನ್ನ ಸೊಂಟ ನೋವು ಶುರುವಾದದ್ದು ಹಾಗೆ.)

ಪ್ರಸನ್ನ ಸರ್ ಹಾಕುವ ಜಾಕೆಟ್ಟಿಗೆ ಹದಿನಾಲ್ಕು ಜೇಬು. ಯಾವುದರಲ್ಲೂ ಏನೂ ಇರುವುದಿಲ್ಲ. ಅವರ ಮಂತ್ರ ಒಂದೇ: ಕ್ಯಾಂಡಿಡ್. ಅಂದರೆ ಜನ ತಮ್ಮ ಪಾಡಿಗೆ ತಾವಿರಬೇಕು, ನಾವು ಅವರಿಗೆ ಗೊತ್ತಾಗದ ಹಾಗೆ ಕ್ಲಿಕ್ಕಿಸಬೇಕು. ಯಾರಾದರೂ ಕ್ಯಾಮೆರಾ ನೋಡಿ ನಕ್ಕರೆ ಆ ಫೋಟೋ ಕೆಟ್ಟ ಹಾಗೆ.

ಹೀಗೆ ನಾವು ಹದಿನೆಂಟು ಜನ ಒಂದು ಭಾನುವಾರ ಅಗ್ರಹಾರದ ಒಂದು ಸಂದಿಗೆ ನುಗ್ಗಿದೆವು. ಯಾರಿಗೂ ಗೊತ್ತಾಗದ ಹಾಗೆ! ಸಂದಿಯ ಅಗಲ ಎರಡು ಸ್ಕೂಟರಿನಷ್ಟು. ಒಬ್ಬ ಅಜ್ಜಿ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದರು. ಹದಿನೆಂಟು ಕ್ಯಾಮೆರಾಗಳೂ ಅವರ ಬೆರಳಿನ ಸುತ್ತ ಮುತ್ತಿಕೊಂಡವು. ಅಜ್ಜಿ ಹತ್ತು ನಿಮಿಷ ಕೈ ಎತ್ತಲಿಲ್ಲ. ಎಂಟು ಎಳೆಯ ರಂಗೋಲಿ ಬೆಳೆದು ಬೆಳೆದು ಪಕ್ಕದ ಮನೆಯ ಹೊಸ್ತಿಲು ಮುಟ್ಟಿತು. ಕೊನೆಗೆ ತಲೆ ಎತ್ತದೆಯೇ ಕೇಳಿದರು: “ನಿಮ್ದೆಲ್ಲ ಆಯ್ತೇನಪ್ಪಾ? ಒಲೆ ಮೇಲೆ ಹಾಲಿಟ್ಟು ಬಂದಿದೀನಿ, ಹೋಗಿ ನೋಡ್ಬಹುದಾ?”

ಇನ್ನೊಂದು ಭಾನುವಾರ ಬೋಗಾದಿ. ಅಲ್ಲಿ ಎಲ್ಲಿ ನೋಡಿದರೂ ಪಿ.ಜಿ. ಬೋರ್ಡು, ಜಲ್ಲಿ ರಾಶಿ, ಸಿಮೆಂಟ್ ಮಿಕ್ಸರು. ದಿನನಿತ್ಯದ ಬದುಕು ಅಂದರೆ ಅದೇ ತಾನೇ? ನಮಗೆ ಅದು ಬೇಡ. ಎರಡು ಗಂಟೆ ಹುಡುಕಿ ಒಂದು ಹಸು ಪತ್ತೆ ಮಾಡಿದೆವು. ಹಿಂದಿನ ನಾಲ್ಕು ಅಂತಸ್ತನ್ನು ಕತ್ತರಿಸಿ, ಹಸುವನ್ನು ಉಳಿಸಿಕೊಂಡು, ‘ಹಳ್ಳಿ ಇನ್ನೂ ಇದೆ’ ಎಂದು ಹೆಸರಿಟ್ಟೆವು.

ನಮಗೆ ಬೇಕಾದ ದಿನನಿತ್ಯದ ಬದುಕು ಹೇಗಿರಬೇಕು ಅಂತ ನಮಗೆ ಮೊದಲೇ ಗೊತ್ತಿತ್ತು. ಗೋಡೆಯ ಸುಣ್ಣ ಉದುರಿರಬೇಕು. ಬಾಗಿಲು ಮರದ್ದಿರಬೇಕು. ಮುಖದಲ್ಲಿ ಸುಕ್ಕಿರಬೇಕು. ಪಾಪ, ಕಷ್ಟಪಟ್ಟು ಮನೆಗೆ ಪೇಂಟ್ ಮಾಡಿಸಿದವರು ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ.

ವರ್ಷದ ಕೊನೆಯ ಪ್ರದರ್ಶನಕ್ಕೆ ಪ್ರಸನ್ನ ಸರ್ ವಿಷಯ ಕೊಟ್ಟರು: ‘ನನ್ನ ಬೀದಿಯ ಕೈಕೆಲಸ’. ಅವರವರ ಬಡಾವಣೆಯಲ್ಲೇ ತೆಗೆಯಬೇಕು.

ನನ್ನ ಬಡಾವಣೆ ದಟ್ಟಗಳ್ಳಿ. ಅಲ್ಲೇನಿದೆ? ಕಾಂಪೌಂಡು, ಕವರ್ ಹೊದ್ದ ಕಾರು, ‘ನಾಯಿ ಇದೆ ಎಚ್ಚರಿಕೆ’. “ನಮ್ಮ ಏರಿಯಾದಲ್ಲಿ ಜೀವನವೇ ಇಲ್ಲ ಕಣ್ರೀ” ಅಂತ ಅಡುಗೆಯ ಹೊತ್ತಿಗೆ ಗೋಳಾಡಿದೆ. ಅವರೆಕಾಯಿ ಸುಲಿಯುತ್ತಿದ್ದ ಯಜಮಾನರು ತಲೆ ಎತ್ತಿದರು. “ಹಂಗಾದ್ರೆ ಇಪ್ಪತ್ತು ವರ್ಷದಿಂದ ನಾನಿಲ್ಲಿ ಮಾಡ್ತಿರೋದೇನು?”

ಅವರ ಫೋಟೋ ತೆಗೆಯಬಹುದಿತ್ತು. ಆದರೆ ಹಿಂದೆ ಫ್ರಿಜ್ ಬರುತ್ತಿತ್ತು.

ಆಗ ನೆನಪಾದವರು ಸಿದ್ದರಾಜು. ನಮ್ಮ ಪಾರ್ಕಿನ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ ಅವರ ಇಸ್ತ್ರಿ ಗಾಡಿ ಇದೆ. ಊರು ನಂಜನಗೂಡಿನ ಕಡೆ. ತಂದೆ ಊರಲ್ಲಿ ಬೇಸಾಯದ ಜೊತೆಗೆ ಇಸ್ತ್ರಿಯನ್ನೂ ಮಾಡುತ್ತಿದ್ದರಂತೆ. ಇವರು ಬೇಸಾಯ ಬಿಟ್ಟು ಇಸ್ತ್ರಿ ಹಿಡಿದು ಮೈಸೂರಿಗೆ ಬಂದರು. ನಮ್ಮ ನಾಲ್ಕು ಬೀದಿಯ ಬಟ್ಟೆ ಹನ್ನೊಂದು ವರ್ಷದಿಂದ ಅವರ ಕೈಯಲ್ಲೇ. ಯಾವ ಶರ್ಟು ಯಾವ ಮನೆಯದು ಅಂತ ಗುರುತು ಬರೆದುಕೊಳ್ಳುವ ಅಭ್ಯಾಸವಿಲ್ಲ, ಎಲ್ಲ ತಲೆಯಲ್ಲೇ. ಒಂದು ಕರವಸ್ತ್ರ ಕೂಡ ಅದಲುಬದಲಾದ ನೆನಪು ನನಗಿಲ್ಲ.

ಬೆಳಗ್ಗೆ ಏಳೂವರೆಗೆ ಹೋದೆ. ಬಿಸಿಲು ಮರದ ಸಂದಿಯಿಂದ ಓರೆಯಾಗಿ ಬೀಳುತ್ತಿತ್ತು, ಹೇಳಿ ಮಾಡಿಸಿದ ಬೆಳಕು. ಆದರೆ ಸಿದ್ದರಾಜು? ಯಾವುದೋ ಕ್ರಿಕೆಟ್ ಟೂರ್ನಮೆಂಟಿನ ನೀಲಿ ಟೀ ಶರ್ಟು. ಗ್ಯಾಸ್ ಇಸ್ತ್ರಿ ಪೆಟ್ಟಿಗೆ, ಅದಕ್ಕೊಂದು ಪೈಪು, ಕೆಳಗೆ ಪುಟ್ಟ ಸಿಲಿಂಡರು. ನೀರು ಚಿಮುಕಿಸಲು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಸ್ಪ್ರೇ ಬಾಟ್ಲಿ. ಪ್ರದರ್ಶನದಲ್ಲಿ ಇದಕ್ಕೆ ಯಾರು ಕಣ್ಣೀರು ಹಾಕುತ್ತಾರೆ?

“ಹಳೇ ಇದ್ದಿಲ ಪೆಟ್ಟಿಗೆ ಇಲ್ವಾ ಸಿದ್ದರಾಜು?” ಅಂದೆ.

“ಅದ್ಯಾಕಕ್ಕ? ಗಾಡಿ ಕೆಳಗೆ ಬಿದ್ದದೆ. ತುಕ್ಕು ಹಿಡ್ದದೆ.”

ತುಕ್ಕು! ನನ್ನ ಎದೆ ಅರಳಿತು. ಪೆಟ್ಟಿಗೆ ಹೊರಗೆ ಬಂತು. ಸಿಲಿಂಡರಿನ ಮೇಲೆ ಹಳೇ ಬೆಡ್‌ಶೀಟು ಬಿತ್ತು. ಟೀ ಶರ್ಟು ಹೋಗಿ ಬನಿಯನ್ನು ಉಳಿಯಿತು. ಆಮೇಲೆ ನಾನು ಕೇಳಿದೆ: “ನಿಮ್ಮಪ್ಪ ಬಟ್ಟೆಗೆ ನೀರು ಹೇಗೆ ಹಾಕ್ತಿದ್ರು?”

“ನಮ್ಮಪ್ಪನಾ? ಬಾಯ್ತುಂಬ ನೀರ್ ತುಂಬ್ಕಂಡು ಪುರ್ ಅಂತ ಊದೋನು. ಮಂಜು ಬಿದ್ದಂಗೆ ಬೀಳೋದು ಕಣಕ್ಕ. ನನಗೂ ಬತ್ತದೆ. ಈಗ ಯಾರ್ ಮಾಡಾರು?”

“ಒಂದೇ ಒಂದ್ಸಲ ಮಾಡಿ ತೋರಿಸ್ತೀರಾ?”

ಅವರು ಪಾರ್ಕಿನ ಆಚೆ ಈಚೆ ನೋಡಿದರು. “ಯಾರಾದ್ರೂ ನೋಡುದ್ರೆ ಏನಂದ್ಕತಾರೋ. ಎಂಜ್ಲು ಅಂತಾರೆ.” ನಾನು ಒತ್ತಾಯ ಮಾಡಿದೆ. ಹನ್ನೊಂದು ವರ್ಷದ ಗಿರಾಕಿ, ಅಕ್ಕ ಅಂತ ಕರೆಸಿಕೊಳ್ಳುವವಳು ಕೇಳಿದರೆ ಇಲ್ಲ ಅನ್ನುವುದು ಹೇಗೆ? ಕೊನೆಗೆ ಒಪ್ಪಿದರು. ಬಾಯಿಗೆ ನೀರು ತುಂಬುವ ಮೊದಲು ಒಂದು ಕೆಲಸ ಮಾಡಿದರು. ಎದುರಿಗಿದ್ದ ಗಿರಾಕಿಯ ಶರ್ಟನ್ನು ಮಡಿಸಿ ಪಕ್ಕದ ರಾಶಿಯ ಮೇಲಿಟ್ಟು, ಚೀಲದಿಂದ ತಮ್ಮ ಸ್ವಂತ ಬಿಳಿ ಶರ್ಟು ತೆಗೆದು ಹರಡಿದರು. “ಬ್ಯಾರೇರ ಬಟ್ಟೆ ಮ್ಯಾಲೆ ಬ್ಯಾಡ ಬುಡಿ” ಅಂದರು.

ಆ ಮಾತು ಆಗ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಾನು ಫೋಕಸ್ ಸರಿ ಮಾಡಿಕೊಳ್ಳುತ್ತಿದ್ದೆ.

ಮೊದಲ ಸಲ ನೀರು ಗಲ್ಲದ ಮೇಲೆ ಸುರಿಯಿತು. ಎರಡನೇ ಸಲ ನಗು ಬಂತು. ಮೂರನೇ ಸಲ ಕೆಮ್ಮು. ಏಳನೇ ಸಲ ಬಂತು ನೋಡಿ! ಬಿಸಿಲಿಗೆ ಒಡ್ಡಿದ ಒಂದು ಬಾಯಿ ನೀರು, ಸಾವಿರ ಹನಿಯಾಗಿ ಗಾಳಿಯಲ್ಲಿ ನಿಂತುಬಿಟ್ಟಿತು. ಅದರೊಳಗೊಂದು ಸಣ್ಣ ಕಾಮನಬಿಲ್ಲು ಬೇರೆ.

ಪ್ರದರ್ಶನದಲ್ಲಿ ಮೊದಲ ಬಹುಮಾನ. ಒಂದು ಸರ್ಟಿಫಿಕೇಟು, ಲೆನ್ಸಿನ ಆಕಾರದ ಒಂದು ಕಾಫಿ ಮಗ್ಗು. ಪ್ರಸನ್ನ ಸರ್ ತಾವೇ ಅಡಿಬರಹ ಬರೆದರು: ‘ದಟ್ಟಗಳ್ಳಿಯಲ್ಲಿ ಇಂದಿಗೂ ಉಸಿರಾಡುತ್ತಿರುವ ಪರಂಪರೆ’. ಬರೆಯುವ ಮುಂಚೆ ಕೇಳಿದ್ದರು: “ಕ್ಯಾಂಡಿಡ್ ತಾನೇ ಮೇಡಂ?”

“ಹ್ಞೂಂ” ಅಂದೆ. ಎರಡಕ್ಷರ ಕೂಡ ಅಲ್ಲ, ಬರೀ ಮೂಗಿನಿಂದ ಬಂದ ಒಂದು ಶಬ್ದ.

ಇಷ್ಟಕ್ಕೇ ನಿಲ್ಲಿಸಿದ್ದರೆ ಸಿದ್ದರಾಜು ಬದುಕಿಕೊಳ್ಳುತ್ತಿದ್ದರು. ಬಹುಮಾನ ಬಂದದ್ದು ನೆರೆಹೊರೆಗೆ ಗೊತ್ತಾಗದಿದ್ದರೆ ಬಂದು ಏನು ಪ್ರಯೋಜನ? ಬಡಾವಣೆಯ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಚಪ್ಪಾಳೆ, ಹೂಗುಚ್ಛ, ಕೈಮುಗಿತ ಸುರಿದವು. ‘ನಮ್ಮ ಏರಿಯಾದ ಹೆಮ್ಮೆ’ ಅಂದರು. ಕಾಲು ಗಂಟೆ ನಾನು ನೆಲದ ಮೇಲಿರಲಿಲ್ಲ.

ಆಮೇಲೆ ಎದುರು ಮನೆಯ ಕಾತ್ಯಾಯಿನಿಯ ಮೆಸೇಜು ಬಂತು: ‘ಆ ರಾಶಿಲಿರೋ ಅರಿಶಿನ ಬಣ್ಣದ ಸೀರೆ, ನೇರಳೆ ಅಂಚು, ನಂದಲ್ವಾ?’

ಒಂದು ನಿಮಿಷದ ಮೇಲೆ ಇನ್ನೊಂದು: ‘ಬಾಯಿಂದ ಉಗೀತಾ ಇದಾನಾ??’

ಅಷ್ಟು ಸಾಕಾಯಿತು. ಆವರೆಗೆ ಕಾಮನಬಿಲ್ಲು ನೋಡಿದ್ದವರೆಲ್ಲ ಈಗ ಜೂಮ್ ಮಾಡಿ ತಮ್ಮ ತಮ್ಮ ಬಟ್ಟೆ ಹುಡುಕತೊಡಗಿದರು. ಯಾರೋ ‘ಎಂಜಲು’ ಎಂದು ಬರೆದರು. ಆ ಪದ ಬಿದ್ದ ಮೇಲೆ ಕೇಳಬೇಕೆ? ಒಬ್ಬರು ಅದೇ ಇಸ್ತ್ರಿಯ ಪಂಚೆ ಉಟ್ಟು ಸತ್ಯನಾರಾಯಣ ಪೂಜೆಗೆ ಕೂತದ್ದನ್ನು ನೆನೆದು ನೊಂದರು. ಇನ್ನೊಬ್ಬರಿಗೆ ಹೋದ ತಿಂಗಳ ಕೆಮ್ಮಿನ ಮೂಲ ತಿಳಿದುಹೋಯಿತು. ಪರಂಪರೆಗೆ ಚಪ್ಪಾಳೆ ತಟ್ಟಿದ ಅದೇ ಕೈಗಳು ‘ಹೈಜೀನ್’ ಎಂದು ಟೈಪ್ ಮಾಡಿದವು. ಮಧ್ಯಾಹ್ನದ ಹೊತ್ತಿಗೆ ಬಡಾವಣೆ ಸಂಘದ ಕಾರ್ಯದರ್ಶಿಗಳು ಪ್ರಕಟಣೆ ಹೊರಡಿಸಿದರು: ಭಾನುವಾರ ಪಾರ್ಕಿನಲ್ಲಿ ಸಭೆ, ವಿಷಯ ‘ಇಸ್ತ್ರಿ ಗಾಡಿ ತೆರವು’.

ನಾನೇನು ಮಾಡಿದೆ? ಏನೂ ಮಾಡಲಿಲ್ಲ. ‘ಅದು ನಾನೇ ಹೇಳಿ ಮಾಡಿಸಿದ್ದು’ ಎಂದು ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿದೆ. ಪ್ರಸನ್ನ ಸರ್ ಮುಖ ಕಣ್ಣ ಮುಂದೆ ಬರುತ್ತಿತ್ತು. ಎರಡು ದಿನ ಪಾರ್ಕಿನ ಕಡೆ ತಲೆ ಹಾಕಲಿಲ್ಲ.

ಮೂರನೇ ದಿನ ಯಜಮಾನರು ಸುಕ್ಕು ಸುಕ್ಕು ಶರ್ಟು ಹಾಕಿಕೊಂಡು, ಲೆನ್ಸ್ ಮಗ್ಗಿನಲ್ಲಿ ಕಾಫಿ ಕುಡಿಯುತ್ತಾ ನನ್ನ ಮುಂದೆ ಕೂತರು. ಮಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದರು, ಅಷ್ಟೇ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಗಾಡಿಯ ಮೇಲೆ ಬಟ್ಟೆ ರಾಶಿ ಇರಲಿಲ್ಲ. ಸಿದ್ದರಾಜು ಖಾಲಿ ಹಲಗೆಯ ಮೇಲಿನ ಕಂಬಳಿಯನ್ನು ಎಳೆದು ಎಳೆದು ನೇರ ಮಾಡುತ್ತಿದ್ದರು.

“ಜನಕ್ಕೆ ಹೇಳ್ಬೇಕಾಗಿತ್ತು ಸಿದ್ದರಾಜು, ಬಾಟ್ಲಿಲೇ ನೀರು ಹೊಡೆಯೋದು ಅಂತ.”

“ಹೇಳ್ದೆ ಕಣಕ್ಕ. ಬಾಟ್ಲಿ ತೋರ್ಸುದ್ರೂ ನಂಬಲಿಲ್ಲ. ‘ಫೋಟೋ ಸುಳ್ಳೇಳ್ತದಾ?’ ಅಂದ್ರು.”

“ನಾನು ಮಾಡಿಸಿದ್ದು ಅಂತ ಯಾಕೆ ಹೇಳಲಿಲ್ಲ?”

ಅವರು ಕಂಬಳಿ ಎಳೆಯುವುದು ನಿಲ್ಲಿಸಲಿಲ್ಲ. “ನಿಮ್ಗೆ ಬಂದಿರೋ ಪ್ರೈಜು ಓಯ್ತದೇನೋ ಅಂತ ಸುಮ್ಕಾದೆ.” ಇನ್ನೊಂದು ಮೂಲೆ ಎಳೆಯುತ್ತಾ ಸೇರಿಸಿದರು: “ನಿಮ್ಮನೆ ಬಟ್ಟೆನೂ ಬರ್ಲಿಲ್ವಲ್ಲ ಅಕ್ಕ, ಮೂರ್ ದಿವ್ಸದಿಂದ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಭಾನುವಾರ ಸಭೆ. ಕಲ್ಲುಬೆಂಚಿನ ಮೇಲೆ ಕೂತ ಕಾರ್ಯದರ್ಶಿಗಳು ಸಂಘದ ದೊಡ್ಡ ಪುಸ್ತಕ ಬಿಚ್ಚಿದರು. ಬೆರಳನ್ನು ನಾಲಿಗೆಗೆ ಒತ್ತಿ ಒಂದೊಂದೇ ಹಾಳೆ ತಿರುವಿ, ಹಾಜರಿ ಸಹಿಗೆ ಎಲ್ಲರ ಕೈಗೂ ದಾಟಿಸಿದರು. ಎಲ್ಲರೂ ಸಹಿ ಹಾಕಿದರು. ಆಮೇಲೆ ಸ್ವಚ್ಛತೆಯ ಬಗ್ಗೆ ಚರ್ಚೆ ಶುರುವಾಯಿತು. ಸಿದ್ದರಾಜು ಗಾಡಿಯ ಹತ್ತಿರವೇ ಕೈಕಟ್ಟಿ ನಿಂತಿದ್ದರು.

ನಾನು ಎದ್ದು ನಿಂತೆ. ಆ ಫೋಟೋ ಕ್ಯಾಂಡಿಡ್ ಅಲ್ಲ, ನಾನೇ ಒತ್ತಾಯ ಮಾಡಿ ಮಾಡಿಸಿದ್ದು, ಅದು ಅವರದೇ ಶರ್ಟು, ತಪ್ಪು ನನ್ನದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಬೈಗುಳಕ್ಕೆ ತಯಾರಾಗಿ ನಿಂತೆ.

ಕಾರ್ಯದರ್ಶಿಗಳು ಮೃದುವಾಗಿ ನಕ್ಕರು. “ನೋಡಿ, ಎಂಥ ದೊಡ್ಡ ಮನಸ್ಸು! ಒಬ್ಬ ಬಡವನನ್ನ ಉಳಿಸೋಕೆ ಮೇಡಂ ತಮ್ಮ ಮೇಲೇ ಹಾಕ್ಕೊತಿದಾರೆ.”

ಸಭೆ ತಲೆದೂಗಿತು. ಒಬ್ಬರು ಚಪ್ಪಾಳೆ ತಟ್ಟಿದರು. ಸುಳ್ಳು ಹೇಳಿದಾಗ ಬಹುಮಾನ ಬಂತು, ನಿಜ ಹೇಳಿದರೂ ಚಪ್ಪಾಳೆ! ನನಗೆ ತಲೆ ಕೆಟ್ಟುಹೋಯಿತು. “ಅಯ್ಯೋ, ದೇವರಾಣೆ ಕಣ್ರೀ!” ಅಂದೆ. “ಬಿಡಿ ಮೇಡಂ, ಫೋಟೋನೇ ಇದೆಯಲ್ಲ” ಅಂದರು.

ಫೋಟೋ. ಹೌದು, ಫೋಟೋ ಇದೆಯಲ್ಲ? ಕೆಟ್ಟ ಫೋಟೋಗಳನ್ನು ಅವತ್ತೇ ಅಳಿಸಬೇಕು ಅನ್ನುವುದು ಪ್ರಸನ್ನ ಸರ್ ಪಾಠ. ಸೋಮಾರಿತನ ಅನ್ನುವುದು ಇಂಥ ಹೊತ್ತಿಗೆ ಕೈ ಹಿಡಿಯುತ್ತದೆ. ಮನೆಗೆ ಓಡಿ ಕ್ಯಾಮೆರಾ ತಂದೆ. ಬಹುಮಾನದ ಫೋಟೋಗೆ ಮುಂಚಿನವು ಒಟ್ಟು ಇಪ್ಪತ್ತಾರು. ನೀಲಿ ಟೀ ಶರ್ಟು. ಸಿಲಿಂಡರು. ಗುಲಾಬಿ ಬಾಟ್ಲಿ ಹಿಡಿದು ಯಾರದೋ ಕಾಲರಿಗೆ ನೀರು ಹೊಡೆಯುತ್ತಿರುವ ಸಿದ್ದರಾಜು. ಗಲ್ಲದ ಮೇಲೆ ನೀರು ಸುರಿಸಿಕೊಂಡು ಹೊಟ್ಟೆ ಹಿಡಿದು ನಗುತ್ತಿರುವ ಸಿದ್ದರಾಜು. ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಜನ ಇನ್ನೂ ಅನುಮಾನದಿಂದಲೇ ನೋಡುತ್ತಿದ್ದರು.

ಒಂದು ಫೋಟೋದಲ್ಲಿ ಅಡ್ಡ ಬಂದ ಎಡಗೈಯೊಂದು ಬಾಟ್ಲಿಯನ್ನು ಫ್ರೇಮಿನ ಆಚೆ ತಳ್ಳುತ್ತಿತ್ತು. ಕಾತ್ಯಾಯಿನಿ ಕನ್ನಡಕ ಏರಿಸಿ, ಜೂಮ್ ಮಾಡಿ, ನನ್ನ ಕಡೆ ತಿರುಗಿದಳು.

“ಇದು ನಿನ್ನ ಹವಳದ ಬಳೆ ಅಲ್ವೇನೇ?”

ಬಳೆ ನನ್ನ ಕೈಯಲ್ಲೇ ಇತ್ತು. ಎತ್ತಿ ತೋರಿಸಿದೆ. ಆಗ ನಂಬಿದರು. ನನ್ನ ಬಾಯಿಗಿಂತ ನನ್ನ ಬಳೆಯ ಮೇಲೆ ಅವರಿಗೆ ಹೆಚ್ಚು ನಂಬಿಕೆ.

ತೆರವಿನ ವಿಷಯ ಬಿದ್ದುಹೋಯಿತು. ನನಗೆ ಬೀಳಬೇಕಾದ್ದು ಚೆನ್ನಾಗಿಯೇ ಬಿತ್ತು, ಕಾತ್ಯಾಯಿನಿ ನನ್ನನ್ನು ಕಂಡರೆ ಈಗಲೂ ಅರ್ಧವೇ ನಗುತ್ತಾಳೆ. ಪ್ರಸನ್ನ ಸರ್‌ಗೆ ನಾನೇ ಫೋನ್ ಮಾಡಿ ಹೇಳಿದೆ. “ಸರ್ಟಿಫಿಕೇಟ್ ವಾಪಸ್ ಕೊಡಿ ಮೇಡಂ. ಮಗ್ಗು ಇಟ್ಕೊಳಿ, ಬಳಸಿರ್ತೀರಿ” ಅಂದರು. ಸಂಜೆಯೊಳಗೆ ನನ್ನನ್ನು ಗುಂಪಿನಿಂದ ತೆಗೆದಿದ್ದರು. ಉಳಿದ ಇಪ್ಪತ್ತಾರನ್ನು ಅವರಿಗೆ ತೋರಿಸಲಿಲ್ಲ. ಅದರಲ್ಲಿ ನಾಲ್ಕೈದು ಅಪ್ಪಟ ಕ್ಯಾಂಡಿಡ್ ಇದ್ದವು. ಆದರೆ ಸಿಲಿಂಡರು ಕಾಣುತ್ತಿತ್ತಲ್ಲ!

ಬಟ್ಟೆ ವಾಪಸ್ ಬಂತೇ? ಬಂತು, ಎಲ್ಲ ಮನೆಯಿಂದ ಅಲ್ಲ. ಕಣ್ಣಿಗೆ ಒಮ್ಮೆ ಬಿದ್ದದ್ದು ಹೋಗುವುದು ಕಷ್ಟ ಅಂತ ಕೆಲವರು ಬೇರೆ ಬೀದಿಯ ಇಸ್ತ್ರಿ ಗಾಡಿಗೆ ಕೊಡುತ್ತಿದ್ದಾರೆ. ಸಿದ್ದರಾಜು ಈಗ ಗುಲಾಬಿ ಬಾಟ್ಲಿಯನ್ನು ಗಾಡಿಯ ಮುಂದೆಯೇ, ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದ್ದಾರೆ. ಯಾರಾದರೂ ವಾಕಿಂಗ್ ಬಂದರೆ ಸಾಕು, ಬೇಕಿರಲಿ ಬೇಡದಿರಲಿ, ಕೈ ಎತ್ತರಕ್ಕೆ ಎತ್ತಿ ಎರಡು ಸಲ ಚಿಮುಕಿಸಿ, ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತಾರೆ. ಹನ್ನೊಂದು ವರ್ಷ ತನ್ನ ಪಾಡಿಗೆ ತಾನು ಮಾಡುತ್ತಿದ್ದ ಕೆಲಸವನ್ನು ಆ ಮನುಷ್ಯ ಈಗ ಪೋಸ್ ಕೊಟ್ಟು ಮಾಡಬೇಕಾಗಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತದೆ.

ಮೊನ್ನೆ ಅವರೇ ನನ್ನನ್ನು ಕರೆದರು. ಗಾಡಿಗೆ ಕಟ್ಟಲು ಒಂದು ಫ್ಲೆಕ್ಸ್ ಬೇಕಂತೆ. “ಒಂದ್ ಫೋಟೋ ತಗೀರಿ ಅಕ್ಕ. ಬಾಟ್ಲಿ ದೊಡ್ಡದಾಗಿ ಕಾಣ್ಲಿ. ಸಿಲಿಂಡ್ರೂ ಬರ್ಲಿ.”

ಒಗೆದು ಇಸ್ತ್ರಿ ಮಾಡಿದ ಅದೇ ಬಿಳಿ ಶರ್ಟು ಹಾಕಿಕೊಂಡು, ತಲೆ ಬಾಚಿ, ಬಾಟ್ಲಿಯನ್ನು ಎದೆಯ ಹತ್ತಿರ ಹಿಡಿದು, ನೆಟ್ಟಗೆ ಕ್ಯಾಮೆರಾವನ್ನೇ ನೋಡುತ್ತಾ ನಿಂತರು. ನಾನು ಕಣ್ಣು ಕಿರಿದು ಮಾಡಿ ಬೆರಳು ಒತ್ತಬೇಕು, ಅಷ್ಟರಲ್ಲಿ ಕೈ ಅಡ್ಡ ಹಿಡಿದು ಕೇಳಿದರು:

“ತಡೀರಿ ಅಕ್ಕ, ಇದ್ಕೆ ಪ್ರೈಜ್ ಗೀಜ್ ಬರಾಕಿಲ್ಲ ತಾನೇ?”